ಬಸ್ಸಿನ ಹುಡುಗಿಯ ಸೋಂಗು

ಆಗ ನನಗೆ ಹನ್ನೆರಡು ವರ್ಷ. ಈಗ ಅರವತ್ತಾರು. ನಡುವೆ ಐವತ್ನಾಲ್ಕು ವರ್ಷ ಹೋಗಿವೆ. ಇಷ್ಟು ಲೆಕ್ಕ ನನಗೆ ಬರುತ್ತದೆ. ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟವಳು ನಾನು. ಬರೆಯುವುದಕ್ಕೆ ಬರುತ್ತದೆ, ಬರೆದದ್ದು ನೆಟ್ಟಗಿರುವುದಿಲ್ಲ. ಕೊಂಬು, ದೀರ್ಘ ತಿದ್ದಿದವಳು ನನ್ನ ಮೊಮ್ಮಗಳು. ಮಾತು ನನ್ನದೇ.

ನಮ್ಮದು ಪಿಂಜಾರರ ಮನೆ. ಹತ್ತಿ ಹಿಂಜುವುದು, ಗಾದಿ ತುಂಬುವುದು, ಹೊಲಿಯುವುದು ನಮ್ಮ ಕೆಲಸ. ಊರು ಮುದ್ದೇಬಿಹಾಳದಿಂದ ಬಸ್ಸಿಗೆ ಮುಕ್ಕಾಲು ತಾಸು. ಮಣ್ಣಿನ ಮಾಳಿಗೆಯ ಮನೆ, ಒಂದರ ಹಿಂದೆ ಒಂದು ಮೂರು ಖೋಲಿ. ಮೊದಲಿನದು ಪಡಸಾಲೆ, ನಡುವಿನದರಲ್ಲಿ ಹತ್ತಿಯ ಅಂಡಿಗೆಗಳು ಮತ್ತು ನಮ್ಮ ಹಾಸಿಗೆ, ಕಡೆಯದು ಅಡುಗೆಯದು. ಅದರ ಹಿಂದೆ ಹಿತ್ತಲು, ನೀರಿನ ಬಾನಿ, ಒಂದು ನುಗ್ಗೆಯ ಗಿಡ. ಪಡಸಾಲೆಯ ತೊಲೆಗೆ ಹಗ್ಗ ಕಟ್ಟಿ ಅಪ್ಪನ ಬಿಲ್ಲನ್ನು ತೂಗುಬಿಟ್ಟಿದ್ದರು. ಆಳುದ್ದದ ಬಿಲ್ಲು. ಅದರ ನರದ ಹೆದೆಯನ್ನು ಹತ್ತಿಯ ಗುಡ್ಡೆಯೊಳಗೆ ಇಳಿಸಿ ಕಟ್ಟಿಗೆಯ ಗುಂಡಿನಿಂದ ಹೊಡೆದರೆ ಟಂವ್ ಅನ್ನುತ್ತಿತ್ತು. ಗಂಟುಗಂಟಾದ ಹತ್ತಿ ಸಿಡಿದು ಅರಳೆಯಾಗಿ ಆಚೆ ಬೀಳುತ್ತಿತ್ತು. ನಾವು ಹೆಂಗಸರು ಸುತ್ತ ಕುಳಿತು ಅದರಲ್ಲಿನ ಕಸ, ಒಡೆದ ಬೀಜ ಆರಿಸಿ ತೆಗೆಯಬೇಕು. ಹೊರಗಿನವರು ಬಂದು ಆ ಅರಳೆ ಹಾರುವುದನ್ನು ನೋಡಿ ಚೆಂದ ಅನ್ನುತ್ತಿದ್ದರು. ಅವರು ಬಾಗಿಲಲ್ಲಿ ನಿಂತು ಅನ್ನುತ್ತಿದ್ದರು, ಒಳಗೆ ಬರುತ್ತಿರಲಿಲ್ಲ.

ಆ ಮನೆಯಲ್ಲಿ ಒಂದು ಕಟ್ಟು ಇತ್ತು. ಬಿಲ್ಲು ಹತ್ತಿಗೆ ಇಳಿದ ಮೇಲೆ ಯಾರೂ ಬಾಯಿ ತೆರೆಯುವಂತಿಲ್ಲ. ತೆರೆದರೆ ಧೂಳು ಎದೆಗೆ ಇಳಿಯುತ್ತದೆ. ನಮ್ಮ ಮುತ್ಯಾ ಹತ್ತಿ ನುಂಗಿಯೇ ಕೆಮ್ಮಿ ಸತ್ತ ಎಂದು ಆಯಿ, ಅಂದರೆ ಅಪ್ಪನ ತಾಯಿ, ಹೇಳುತ್ತಿದ್ದಳು. ಅದಕ್ಕೇ ಎಲ್ಲರೂ ಬಾಯಿ ಮೂಗಿಗೆ ಅರಿವೆ ಕಟ್ಟಿಕೊಳ್ಳುತ್ತಿದ್ದೆವು, ಹಳೆಯ ಸೀರೆಯ ತುಂಡು. ನನ್ನದು ಹಸಿರು, ಅಕ್ಕ ಮಾಬೂಬಿಯದು ಹಳದಿ, ಅವ್ವನದು ಬಣ್ಣವೇ ಹೋದದ್ದು. ಏನು ಹೇಳುವುದಿದ್ದರೂ ಕೈಯಿಂದ. ಎರಡು ಬೆರಳು ತೋರಿಸಿದರೆ ನೀರು. ಕಿವಿ ಮುಟ್ಟಿಕೊಂಡರೆ ಹೊರಗೆ ಯಾರೋ ಕರೆಯುತ್ತಿದ್ದಾರೆ. ಅಂಗೈಯನ್ನು ಕೆಳಮುಖ ಮಾಡಿ ಒತ್ತಿದರೆ ಸಾಕು, ನಿಲ್ಲಿಸು ಎಂದು. ಯಾರಿಗಾದರೂ ಉಸಿರು ಕಟ್ಟಿದಾಗ, ಗಂಟಲಿಗೆ ಅರಳೆ ಹೋದಾಗ ಅದನ್ನು ಮಾಡುವುದು. ಅಪ್ಪ ಸಿಟ್ಟಿನ ಮನುಷ್ಯ. ಊಟ ತಡವಾದರೆ ಗಂಗಾಳ ಎತ್ತಿ ಒಗೆಯುತ್ತಿದ್ದ. ಆದರೆ ಅಂಗೈ ಒತ್ತಿದ್ದು ಕಂಡರೆ ಕೈಯಲ್ಲಿನ ಗುಂಡು ಅಲ್ಲೇ ನಿಲ್ಲುತ್ತಿತ್ತು. ಒತ್ತಿದವರು ಯಾರು, ಯಾಕೆ ಎಂದು ಕೇಳುತ್ತಿರಲಿಲ್ಲ. ಮೊದಲು ನಿಲ್ಲಿಸುತ್ತಿದ್ದ.

ಹೀಗಾಗಿ ನಮ್ಮ ಮನೆಯಲ್ಲಿ ಮಾತು ಅನ್ನುವುದು ಊಟದ ಹೊತ್ತಿನ ಸಾಮಾನಾಗಿತ್ತು. ಬಿಲ್ಲು ಮೇಲಕ್ಕೆ ಹೋಗುತ್ತಲೇ ಅರಿವೆಗಳು ಕೊರಳಿಗೆ ಇಳಿಯುತ್ತಿದ್ದವು. ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಉಳ್ಳಾಗಡ್ಡಿ ಇಟ್ಟುಕೊಂಡು ಎಲ್ಲರೂ ಕೂಡಿಯೇ ಮಾತಾಡುತ್ತಿದ್ದೆವು, ಯಾರೂ ಯಾರದನ್ನೂ ಕೇಳುತ್ತಿರಲಿಲ್ಲ. ಸಂಜೆಯ ಊಟಕ್ಕೆ ಅಕ್ಕ ಬಂದು ಕೂಡುತ್ತಿದ್ದಳು. ಆಗ ಮಾತ್ರ ಕೇಳುತ್ತಿದ್ದೆವು. ಯಾಕೆಂದರೆ ಅವಳು ಬಸ್ಸಿಗೆ ಹೋಗಿ ಬಂದವಳು.

ನಮ್ಮ ಊರಿನಿಂದ ನಾಲ್ಕು ಹುಡುಗಿಯರು ಬಸ್ಸು ಹತ್ತಿ ಮುದ್ದೇಬಿಹಾಳದ ಹೈಸ್ಕೂಲಿಗೆ ಹೋಗುತ್ತಿದ್ದರು. ಅಕ್ಕ ಒಬ್ಬಳು, ಹದಿನಾರರವಳು, ಮೆಟ್ರಿಕ್ ವರ್ಷ. ಕಿರಾಣಿ ಅಂಗಡಿಯವರ ಮಗಳು ಕಸ್ತೂರಿ ಇನ್ನೊಬ್ಬಳು. ಉಳಿದಿಬ್ಬರು ಗೌಡರ ಓಣಿಯ ಅಕ್ಕತಂಗಿಯರು. ಜಾತಿ ಬೇರೆ, ಮನೆ ಬೇರೆ, ಗುಣ ಬೇರೆ. ಊರು ನಾಲ್ವರಿಗೂ ಕೂಡಿ ಒಂದೇ ಹೆಸರಿಟ್ಟಿತ್ತು, ಬಸ್ಸಿನ ಹುಡುಗ್ಯಾರು. ಅವರನ್ನು ಆ ಹೆಸರಿನಿಂದ ಗುರುತು ಹಿಡಿಯುತ್ತಿದ್ದದ್ದು ಉಡುಪಿನಿಂದಲ್ಲ, ಮಾತಿನಿಂದ. ಅವರ ಪ್ರತಿ ಮಾತಿನ ಬಾಲ ಮೇಲಕ್ಕೆ ಏಳುತ್ತಿತ್ತು. ಹೇಳುವುದನ್ನೂ ಕೇಳುವ ಹಾಗೆ ಹೇಳುತ್ತಿದ್ದರು. ಮಾತಿಗೆ ಮುಂಚೆ ‘ಅಂದ್ರ ಹೆಂಗಂದ್ರ’, ಮಾತು ಮುಗಿದ ಮೇಲೆ ‘ಖರೇನ?’, ನಡುನಡುವೆ ಒಂದು ಸಣ್ಣ ನಗು. ಇದನ್ನು ಆ ಸಾಲೆಯಲ್ಲಿ ಮೊದಲು ಯಾರು ಶುರು ಮಾಡಿದರೋ ಗೊತ್ತಿಲ್ಲ. ನೆಗಡಿ ಹತ್ತಿದ ಹಾಗೆ ಒಬ್ಬಳಿಂದ ಒಬ್ಬಳಿಗೆ ಹತ್ತಿ, ಬಸ್ಸಿನಲ್ಲಿ ಕುಳಿತು ನಮ್ಮ ಊರಿಗೂ ಬಂದಿತ್ತು.

ಹಾಗೆ ಮಾತಾಡುವ ಹುಡುಗಿ ಹೇಗಿರುತ್ತಾಳೆ ಎಂಬುದು ಊರಿಗೆಲ್ಲ ಗೊತ್ತಿತ್ತು. ಅವಳ ರೊಟ್ಟಿ ದಪ್ಪ. ಅವಳು ಹೊತ್ತೇರಿದ ಮೇಲೆ ಏಳುತ್ತಾಳೆ. ಕನ್ನಡಿ ಬಿಡುವುದಿಲ್ಲ, ಸೆಗಣಿ ಮುಟ್ಟುವುದಿಲ್ಲ. ತಲೆಯಲ್ಲಿ ಏನೂ ಇಲ್ಲ, ಇದ್ದದ್ದೆಲ್ಲ ನಾಲಗೆಯ ಮೇಲೆ. ಬಸ್‌ಸ್ಟಾಪಿನ ಚಾದಂಗಡಿಯ ಗಂಡಸರು ‘ಖರೇನ?’ ಎಂದು ಹೆಣ್ಣು ದನಿ ತೆಗೆದು ಒಬ್ಬರನ್ನೊಬ್ಬರು ಕೇಳಿ ನಗುತ್ತಿದ್ದರು. ನಮ್ಮ ಆಯಿಯೂ ಅನ್ನುತ್ತಿದ್ದಳು. ನಮ್ಮ ಮನೆಯಲ್ಲಿ ಎಲ್ಲರಿಗಿಂತ ತೆಳ್ಳಗೆ ರೊಟ್ಟಿ ಬಡಿಯುತ್ತಿದ್ದವಳು ಅಕ್ಕ. ಬೆಳಿಗ್ಗೆ ಕತ್ತಲಲ್ಲಿ ಎದ್ದು ಇಪ್ಪತ್ತು ರೊಟ್ಟಿ ಬಡಿದಿಟ್ಟು ಬಸ್ಸಿಗೆ ಓಡುತ್ತಿದ್ದಳು. ಆಯಿ ಆ ರೊಟ್ಟಿಯನ್ನು ಮುರಿಯುತ್ತ, ಬಸ್ಸಿನ ಹುಡುಗ್ಯಾರ ರೊಟ್ಟಿ ದಪ್ಪ ಅನ್ನುತ್ತಿದ್ದಳು. ಅಕ್ಕ ತನ್ನ ಮೊಮ್ಮಗಳು, ಬಸ್ಸಿನ ಹುಡುಗಿಯರು ಯಾರೋ ಬೇರೆಯವರು. ಆಯಿಗೆ ಇದರಲ್ಲಿ ಏನೂ ತೊಡಕು ಕಾಣುತ್ತಿರಲಿಲ್ಲ.

ನನಗೆ ದನಿ ತೆಗೆಯುವುದು ಬರುತ್ತಿತ್ತು. ಕೋಳಿ, ಬಾಂಗು ಕೂಗುವ ಮುಲ್ಲಾಸಾಬ, ನೆರೆಯ ಕುರುಡು ಮುದುಕಿ, ಯಾರನ್ನು ಬೇಕಾದರೂ ಮಾಡುತ್ತಿದ್ದೆ. ಒಂದು ದಿನ ಮಧ್ಯಾಹ್ನದ ಊಟಕ್ಕೆ ಅರಿವೆ ಕೊರಳಿಗಿಳಿಸಿ ಬಸ್ಸಿನ ಹುಡುಗಿ ಮಾಡಿದೆ. ಸೆರಗಿಲ್ಲದ ಕಡೆ ಸೆರಗು ಸರಿ ಮಾಡಿಕೊಂಡು, ಕುತ್ತಿಗೆ ಓರೆ ಮಾಡಿ, ಪ್ರತಿ ಮಾತಿನ ಬಾಲ ಎತ್ತಿದೆ. ಅಪ್ಪನಿಗೆ ನಗು ಬಂದು ತುತ್ತು ಗಂಟಲಿಗೆ ಸಿಕ್ಕಿತು. ಅಪ್ಪ ನಕ್ಕದ್ದನ್ನು ನಾನು ಅದಕ್ಕಿಂತ ಮೊದಲು ಕಂಡ ನೆನಪಿಲ್ಲ. ಆಯಿ ತನ್ನ ಡಬ್ಬಿಯಿಂದ ಬೆಲ್ಲದ ಚೂರು ತೆಗೆದು ಕೊಟ್ಟಳು. ಅಂದಿನಿಂದ ಯಾರು ಬಂದರೂ ಆಯಿಯದು ಒಂದೇ ಮಾತು.

“ಏ ರಾಜವ್ವಾ, ಬಸ್ಸಿನ ಹುಡುಗಿ ಸೋಂಗ ಮಾಡಿ ತೋರ್ಸ್ ಬಾ.”

ನಾನು ಮಾಡುತ್ತಿದ್ದೆ, ಬೆಲ್ಲ ತಿನ್ನುತ್ತಿದ್ದೆ. ಅಕ್ಕ ಮನೆಯಲ್ಲಿ ಇರುವಾಗ ಮಾಡುತ್ತಿರಲಿಲ್ಲ. ಯಾರೂ ಬೇಡ ಅಂದಿರಲಿಲ್ಲ, ಆದರೂ ಮಾಡುತ್ತಿರಲಿಲ್ಲ. ಯಾಕೆಂದರೆ ನನಗೆ ಗೊತ್ತಿದ್ದ ಬಸ್ಸಿನ ಹುಡುಗಿ ಒಬ್ಬಳೇ. ಕಸ್ತೂರಿಯ ಮಾತು ನಾನು ಎಷ್ಟು ಕೇಳಿದ್ದೇನು. ನನ್ನ ಬಾಯಿಂದ ಬರುತ್ತಿದ್ದದ್ದು ಅಕ್ಕನ ದನಿ, ಅಕ್ಕನ ನಗು, ಅವಳು ಮಾತು ಮುಗಿಸಿ ಹುಬ್ಬು ಎತ್ತುವ ರೀತಿ. ಕೇಳುವವರಿಗೆ ಇದು ಗೊತ್ತಾಗುತ್ತಿತ್ತೋ ಇಲ್ಲವೋ. ಅವ್ವನಿಗೆ ಗೊತ್ತಾಗಿತ್ತು ಅನ್ನಿಸುತ್ತದೆ. ಅವಳು ನಗುವಾಗ ನನ್ನ ಕಡೆ ನೋಡುತ್ತಿರಲಿಲ್ಲ.

ಅಕ್ಕನಿಗೆ ನರ್ಸಬಾಯಿ ಆಗಬೇಕಿತ್ತು. ಹಿಂದಿನ ವರ್ಷ ಆಯಿ ಅಂಗಳದಲ್ಲಿ ಜಾರಿ ಕಾಲು ಮುರಿದುಕೊಂಡಾಗ ಬಸವನ ಬಾಗೇವಾಡಿಯ ದವಾಖಾನೆಯಲ್ಲಿ ಎಂಟು ದಿನ ಇದ್ದಳು, ಜೊತೆಗೆ ಅಕ್ಕ. ಅಲ್ಲಿ ಬಿಳಿ ಸೀರೆಯ ಒಬ್ಬ ನರ್ಸಬಾಯಿ ಇದ್ದಳಂತೆ. ದೊಡ್ಡ ಮೀಸೆಯ ಗಂಡಸರೂ ಆಕೆ ಕೂಡು ಅಂದರೆ ಕೂಡುತ್ತಿದ್ದರು, ಬೀಡಿ ಆರಿಸು ಅಂದರೆ ಆರಿಸುತ್ತಿದ್ದರು. ಅಕ್ಕ ತಿರುಗಿ ಬಂದು ಎಷ್ಟೋ ದಿನ ಅದನ್ನೇ ಹೇಳಿದಳು. ಮೆಟ್ರಿಕ್ ಪಾಸಾದರೆ ಆ ಕೆಲಸ ಕಲಿಸುವ ಕಡೆ ಸೇರಿಸಿಕೊಳ್ಳುತ್ತಾರೆ ಎಂದು ಆಕೆಯೇ ಹೇಳಿದ್ದಳು. ಅಪ್ಪ ಒಪ್ಪಿದ್ದ. ಅವನಿಗೆ ಓದಿನ ಮೇಲೆ ಪ್ರೀತಿ ಇತ್ತು ಎಂದು ನಾನು ಸುಳ್ಳು ಬರೆಯುವುದಿಲ್ಲ. ದವಾಖಾನೆಯಲ್ಲಿ ಔಷಧಿಯ ಚೀಟಿ ಓದಿ ಹೇಳಲು ಮಗಳು ಇದ್ದಳು, ಬೇರೆಯವರ ಮುಂದೆ ನಿಂತು ಕೇಳಬೇಕಾಗಲಿಲ್ಲ. ಅದು ಅವನ ಮನಸ್ಸಿಗೆ ಬಂದಿತ್ತು. ಅಕ್ಕನಿಗೆ ಮಾತು ಕೊಟ್ಟಿದ್ದ.

“ಮೆಟ್ರಿಕ್ ಪರೀಕ್ಷಾ ಆಗೂತನಕ ಯಾರ್ ಬಂದ್ ಏನ್ ಅಂದ್ರೂ ಕೇಳೂದಿಲ್ಲ. ಆಮ್ಯಾಲ ನೋಡೂನು.”

ಪರೀಕ್ಷೆಗೆ ಇನ್ನು ಎರಡು ತಿಂಗಳು ಇದ್ದಾಗ ಸಿಂದಗಿಯಿಂದ ಹೆಣ್ಣು ನೋಡಲು ಬಂದರು. ಅವರೂ ನಮ್ಮ ಮಂದಿಯೇ, ಗಾದಿಯ ಅಂಗಡಿಯವರು. ಆದರೆ ಅವರಲ್ಲಿ ಬಿಲ್ಲು ಹೋಗಿ ಹತ್ತಿ ಹಿಂಜುವ ಮಷಿನ್ ಬಂದಿತ್ತು. ಅಪ್ಪ ಒಂದು ದಿನದಲ್ಲಿ ಮಾಡುವುದನ್ನು ಅದು ಒಂದು ತಾಸಿನಲ್ಲಿ ಮಾಡುತ್ತದೆ ಎಂದು ಕೇಳಿದ ದಿನ ಅಪ್ಪ ಬಿಲ್ಲಿನ ಕಡೆಗೇ ನೋಡುತ್ತ ಬಹಳ ಹೊತ್ತು ಕುಳಿತಿದ್ದ. ಅಂಥ ಮನೆಯವರು ತಾವಾಗಿ ಬಂದದ್ದು. ಬೇಡ ಅನ್ನುವುದಕ್ಕೆ ಆಗುವುದಿಲ್ಲ, ಬರಲಿ, ನೋಡಿ ಹೋಗಲಿ, ಪರೀಕ್ಷೆ ಆದ ಮೇಲೆ ಎಂದು ಹೇಳಿದರಾಯಿತು ಅಂದಳು ಅವ್ವ. ಅಕ್ಕನಿಗೂ ಹಾಗೇ ಹೇಳಿದರು. ಅಕ್ಕ ಸರಿ ಅಂದಳು, ಕಸ್ತೂರಿಯ ಹತ್ತಿರ ಇಸಿದುಕೊಂಡ ಪುಸ್ತಕವನ್ನು ಓದುತ್ತಲೇ ತಲೆ ಬಾಚಿಸಿಕೊಂಡಳು.

ಮೂವರು ಹೆಂಗಸರು, ಇಬ್ಬರು ಗಂಡಸರು ಬಂದರು. ಗಂಡಸರು ಕಟ್ಟೆಯ ಮೇಲೆ ಕುಳಿತರು. ಹುಡುಗನ ತಾಯಿ ದಪ್ಪ ಹೆಂಗಸು, ಮೊಣಕಾಲು ನೋವು, ಗೋಡೆಗೆ ಒರಗಿ ಕಾಲು ಚಾಚಿ ಕುಳಿತಳು. ಕೆಟ್ಟ ಹೆಂಗಸಲ್ಲ. ನನಗೆ ಪೇಪರಮಿಂಟು ತಂದಿದ್ದಳು. ಅಂದು ಬಿಲ್ಲನ್ನು ಮೇಲಕ್ಕೆ ಕಟ್ಟಿ ಪಡಸಾಲೆ ಸಾರಿಸಿದ್ದೆವು. ಲೋಬಾನ ಹಾಕಿದ್ದೆವು. ಸುಸಲಾ ಕೊಟ್ಟೆವು, ಚಾ ಕೊಟ್ಟೆವು. ಆಕೆ ಚಾ ಬಸಿಯಲ್ಲಿ ಹಾಕಿಕೊಂಡು ಕುಡಿಯದೆ ಆರಿಸುತ್ತಾ ಇದ್ದಳು. ಆಮೇಲೆ ಕೇಳಿಯೇ ಬಿಟ್ಟಳು.

“ಹುಡುಗಿ ಬಸ್ಸಿಗೆ ಹೋಗ್ತಾಳಂತಲ್ರಿ. ಬಾಯಿ ಹೆಂಗ ಐತಿ ಆಕೀದು? ನಮ್ಮ ಸಿಂದಗ್ಯಾಗ ನೋಡೇನಿ ನಾ, ಬಸ್‌ಸ್ಟ್ಯಾಂಡ್‌ದಾಗ ನಿಂತಿರ್ತಾವ, ಕಿಲಿಕಿಲಿ ಕಿಲಿಕಿಲಿ.”

ಅವ್ವ ನೆಲ ನೋಡಿದಳು. ಆಯಿಗೆ ಮಾತು ಸಿಕ್ಕಿತು. ಅವಳು ಬುದ್ಧಿವಂತಿಕೆ ಮಾಡಿದಳು, ಮಾಡಿದ್ದು ನಮ್ಮ ಮನೆಯ ಮಾನ ಉಳಿಸುವುದಕ್ಕೆ. ನಮ್ಮ ಹುಡುಗಿ ಅಂಥವಳಲ್ಲ, ಬಸ್ಸಿನ ಹುಡುಗ್ಯಾರು ಬೇರೆ, ಬೇಕಾದರೆ ಅವರು ಹೇಗೆ ಮಾತಾಡುತ್ತಾರೆ ತೋರಿಸುತ್ತೇವೆ, ಆಮೇಲೆ ನಮ್ಮವಳ ಮಾತು ಕೇಳಿ, ನೀವೇ ಹೇಳಿರಿ ಅಂದಳು. ನನ್ನನ್ನು ಕರೆದಳು. ಅಕ್ಕ ಅಡುಗೆ ಖೋಲಿಯಲ್ಲಿದ್ದಳು, ಸೀರೆ ಉಟ್ಟು, ಕರೆಯುವುದನ್ನು ಕಾಯುತ್ತ. ನಡುವೆ ಒಂದು ಖೋಲಿ, ತುಂಬ ಹತ್ತಿಯ ಅಂಡಿಗೆ. ಹತ್ತಿ ತುಂಬಿದ ಮನೆಯಲ್ಲಿ ದನಿ ಆಚೆ ದಾಟುವುದಿಲ್ಲ. ಅದು ನನಗೆ ಗೊತ್ತಿತ್ತು.

ನಾನು ಮಾಡಿದೆ. ಅಂದು ಚೆನ್ನಾಗಿಯೇ ಮಾಡಿದೆ.

“ಅಂದ್ರ ಹೆಂಗಂದ್ರ, ಬಸ್ಸು ಬಂತು? ನಾವ್ ಹತ್ತಿದ್ವಿ? ಕಂಡಕ್ಟರ್ ಹಿಂದ ಸರೀರಿ ಅಂದಾ? ನಾವ್ ಸರೀಲೇ ಇಲ್ಲಾ? ಖರೇನ?”

ಸಿಂದಗಿಯ ಹೆಂಗಸು ಮೊದಲು ತುಟಿ ಬಿಗಿಹಿಡಿದಳು, ಆಮೇಲೆ ಬಸಿ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. ಜೊತೆಗಿದ್ದ ಇಬ್ಬರೂ ನಕ್ಕರು. ಕಟ್ಟೆಯ ಮೇಲಿದ್ದ ಗಂಡಸರು ಒಳಗೆ ಹಣಕಿ ನೋಡಿ, ಇನ್ನೊಮ್ಮೆ ಮಾಡು ಅಂದರು. ಇನ್ನೊಮ್ಮೆ ಮಾಡಿದೆ. ಮನೆ ಹಗುರಾಯಿತು. ಆಯಿ ನನ್ನ ಬಾಯಿಗೆ ಬೆಲ್ಲ ಇಟ್ಟು, ಈಗ ನಮ್ಮ ಮಾಬೂಬಿಯನ್ನು ಕರಿ ಅಂದಳು.

ಅಕ್ಕ ತಲೆಯ ಮೇಲೆ ಸೆರಗು ಹೊದ್ದು ಬಂದು ಎಲ್ಲರಿಗೂ ಸಲಾಂ ಮಾಡಿ ಕುಳಿತಳು. ಎಲ್ಲರ ಮುಖದ ಮೇಲೆ ಇನ್ನೂ ನಗು ಇತ್ತು. ಅದನ್ನು ನೋಡಿ ಅವಳ ಹೆದರಿಕೆ ಕಡಿಮೆ ಆಗಿರಬೇಕು, ಅವಳೂ ಸ್ವಲ್ಪ ನಕ್ಕಳು. ಹೆಣ್ಣನ್ನು ಮಾತಾಡಿಸಿ ನೋಡುವುದು ರಿವಾಜು, ತೊದಲು ಇದೆಯೋ ಕಿವುಡು ಇದೆಯೋ ತಿಳಿಯಲಿ ಎಂದು. ಸಿಂದಗಿಯ ಹೆಂಗಸು ಕೇಳಿದಳು.

“ಹೆಸರೇನವಾ ನಿಂದು?”

“ಮಾಬೂಬೀ?”

ಬಾಲ ಎದ್ದಿತು, ನಾನು ಎತ್ತಿದಷ್ಟೇ ಎತ್ತರಕ್ಕೆ. ಆಮೇಲೆ ಸಿಂದಗಿಯ ಕಿರಿಯ ಹೆಂಗಸಿನ ಬಾಯಿಂದ ಫಕ್ಕನೆ ನಗು ಸಿಡಿಯಿತು, ಅದರ ಹಿಂದೆ ಎಲ್ಲರದೂ. ಅಕ್ಕನಿಗೆ ಏನೂ ತಿಳಿಯಲಿಲ್ಲ. ನಕ್ಕವರ ಜೊತೆ ತಾನೂ ನಕ್ಕಳು, ಆ ಸಣ್ಣ ನಗು, ನಾನು ಆಗಷ್ಟೇ ಮಾಡಿ ತೋರಿಸಿದ್ದು. ಅದಕ್ಕೆ ಇನ್ನೂ ಜೋರಾಗಿ ನಕ್ಕರು. ಎಷ್ಟನೆಯ ಇಯತ್ತೆ ಎಂದು ಕೇಳಿದರು.

“ಅಂದ್ರ, ಮೆಟ್ರಿಕ್‌ರೀ? ಎರಡ್ ತಿಂಗಳಿಗೆ ಪರೀಕ್ಷಾ ಐತ್ರೀ?”

ಕಟ್ಟೆಯ ಮೇಲಿನ ಗಂಡಸರಲ್ಲಿ ಒಬ್ಬ ‘ಖರೇನ?’ ಅಂದ. ಹೆಣ್ಣು ದನಿಯಲ್ಲಿ. ಮನೆಯೆಲ್ಲ ನಕ್ಕಿತು. ಆಯಿಯೂ ತಡೆಯಲಾರದೆ ನಕ್ಕಳು, ಸೆರಗು ಬಾಯಿಗೆ ಒತ್ತಿಕೊಂಡು. ಅಕ್ಕನ ನಗು ನಿಂತಿತು. ಅವಳ ಕಣ್ಣು ಒಬ್ಬೊಬ್ಬರ ಮುಖದ ಮೇಲೆ ಹಾಯ್ದು ನನ್ನ ಮುಖಕ್ಕೆ ಬಂದು ನಿಂತಿತು. ನನ್ನ ಬಾಯಿಯಲ್ಲಿ ಬೆಲ್ಲ ಇತ್ತು. ಬೆಲ್ಲ ಯಾವಾಗ ಸಿಗುತ್ತದೆ ಎಂಬುದು ಮನೆಯವರಿಗೆಲ್ಲ ಗೊತ್ತು, ಅವಳಿಗೂ ಗೊತ್ತಿತ್ತೋ ಏನೋ. ಅವಳು ಕೈಯನ್ನು ತೊಡೆಯ ಮೇಲಿಟ್ಟು ಅಂಗೈ ಕೆಳಮುಖ ಮಾಡಿ ಒತ್ತಿದಳು.

ಬಂದವರಿಗೆ ಅದು ಏನೂ ಅಲ್ಲ. ಸೀರೆಯ ನೆರಿಗೆ ಸರಿ ಮಾಡಿಕೊಂಡ ಹಾಗೆ. ಅವ್ವನಿಗೆ ಕಂಡಿತು, ನನಗೆ ಕಂಡಿತು. ಬಾಗಿಲ ಹತ್ತಿರ ನಿಂತಿದ್ದ ಅಪ್ಪನಿಗೆ ಕಂಡಿತು. ಅಪ್ಪ ಆ ಕೈಯನ್ನೇ ನೋಡಿದ. ಅವಳು ಇನ್ನೊಮ್ಮೆ ಒತ್ತಿದಳು. ಅಪ್ಪ ಮುಖ ಎತ್ತಿ, ಮೇಲೆ ಕಟ್ಟಿದ್ದ ಬಿಲ್ಲಿನ ಹಗ್ಗದ ಗಂಟು ಸಡಿಲವಾಗಿದೆಯೋ ಎಂಬಂತೆ ನೋಡುತ್ತ ನಿಂತ.

ಮೂರನೆಯ ಪ್ರಶ್ನೆ ರೊಟ್ಟಿ ಬಡಿಯಲು ಬರುತ್ತದೇನು ಎಂದು. ಅಕ್ಕ ಬಾಯಿ ತೆರೆಯಲಿಲ್ಲ. ತಲೆ ಆಡಿಸಿದಳು. ನಾಲ್ಕನೆಯದಕ್ಕೂ ತಲೆ ಆಡಿಸಿದಳು. ಸಿಂದಗಿಯ ಹೆಂಗಸು ಕಣ್ಣು ಒರೆಸಿಕೊಂಡು ಸಮಾಧಾನಕ್ಕೆ ಬಂದಳು. ಬೇಡ ಅಂದು ಎದ್ದು ಹೋಗಿದ್ದರೆ ಆಗುತ್ತಿತ್ತು. ಆಕೆ ಹಾಗೆ ಅನ್ನಲಿಲ್ಲ.

“ನೋಡ್ರಿ, ಸುಮ್ಮನಿರಾಕೂ ಬರ್ತೈತಿ ಹುಡುಗೀಗಿ. ನಮಗ ಪಸಂದ ಐತ್ರಿ. ಬಣ್ಣ ಚೊಲೋ, ಕೈಕಾಲ್ ಚೊಲೋ. ಬಾಯಿ ಒಂದ. ನಾಳಿಂದ ಬಸ್ಸ್ ಬಿಡಸ್ರಿ, ಅದೂ ತಾನ ಹೋಗ್ತೈತಿ.”

ಅಪ್ಪ, ಪರೀಕ್ಷಾ, ಅಂದ. ಅಷ್ಟೇ ಅಂದ. ಪರೀಕ್ಷೆ ಬರೆದು ಏನು ಮಾಡುತ್ತಾಳೆ, ನಮ್ಮ ಅಂಗಡಿಯಲ್ಲಿ ಮಷಿನ್ ಮುಂದೆ ಕೂಡುವುದಕ್ಕೆ ಮೆಟ್ರಿಕ್ ಬೇಕೇನು ಎಂದು ಆಕೆ ಕೇಳಿದಳು. ದನಿಯಲ್ಲಿ ಚುಚ್ಚು ಇರಲಿಲ್ಲ, ಖರೆ ತಿಳಿದುಕೊಳ್ಳಲು ಕೇಳಿದ ಹಾಗಿತ್ತು. ಹೊರಗಿನ ಗಂಡಸರೂ ಕಾದರು. ಎರಡು ತಿಂಗಳ ಮಾತು, ಅಷ್ಟು ತಡೆಯಿರಿ ಎಂದು ಅಪ್ಪ ಅನ್ನಬಹುದಿತ್ತು. ಈಗಷ್ಟೇ ನಕ್ಕವರ ಮುಂದೆ, ಎಲ್ಲರೂ ನಕ್ಕ ಆ ಮಾತಿನ ಪರವಾಗಿ ನಿಲ್ಲುವುದು ಅವನಿಗೆ ಆಗಲಿಲ್ಲ ಅಂದುಕೊಂಡಿದ್ದೇನೆ. ಇದು ನನ್ನ ಲೆಕ್ಕ.

“ಆತು ಬಿಡ್ರಿ,” ಅಂದ.

ಅವರು ಸಕ್ಕರೆ ತಂದೇ ಬಂದಿದ್ದರು, ಅದನ್ನು ತಿನಿಸಿದರೆ ಸಂಬಂಧ ನಿಶ್ಚಯವಾದ ಹಾಗೆ. ಸಿಂದಗಿಯ ಹೆಂಗಸು ಮೊಣಕಾಲು ಹಿಡಿದುಕೊಂಡು ಎದ್ದು ಬಂದು ಅಕ್ಕನ ಬಾಯಿಗೆ ಒಂದು ಹಿಡಿ ಸಕ್ಕರೆ ಹಾಕಿದಳು. ಅಕ್ಕ ಅದನ್ನು ಅಗಿಯಲಿಲ್ಲ. ಕರಗುವವರೆಗೆ ಬಾಯಿ ಮುಚ್ಚಿಕೊಂಡು ಕುಳಿತಳು.

ಅವರು ಹೋದ ಮೇಲೆ ಅವ್ವ ಅಪ್ಪನಿಗೆ ಎರಡು ಮಾತು ಅಂದಳು, ಮಾತು ಕೊಟ್ಟಿದ್ದಿಯಲ್ಲ ಎಂದು. ಅಪ್ಪ, ಸೋಂಗು ಕುಣಿಸಿದವಳು ನಿನ್ನ ಅತ್ತೆ, ಅವಳನ್ನು ಕೇಳು ಅಂದ. ಆಯಿ, ಒಳ್ಳೆಯ ಮನೆ ಸಿಕ್ಕಿತು, ಅಳುವುದೇನಿದೆ ಅಂದಳು. ಯಾರೂ ಅತ್ತಿರಲಿಲ್ಲ. ನನ್ನನ್ನು ಯಾರೂ ಬೈಯಲಿಲ್ಲ. ಜಗಳ ಅಲ್ಲಿಗೇ ಮುಗಿಯಿತು, ಯಾಕೆಂದರೆ ದೀಪ ಹಚ್ಚುವ ಹೊತ್ತಾಗಿತ್ತು, ಕಂದೀಲಿಗೆ ಎಣ್ಣೆ ಇರಲಿಲ್ಲ, ತರಲು ಅವ್ವ ಹೋದಳು. ಅಕ್ಕ ಸೀರೆ ಬಿಚ್ಚಿಟ್ಟು ಹಳೆಯ ಲಂಗ ಹಾಕಿಕೊಂಡು ಹಿತ್ತಲಲ್ಲಿ ಚಾದ ಬಸಿಗಳನ್ನು ತಿಕ್ಕುತ್ತಿದ್ದಳು. ನಾನು ಹೋಗಿ ನೀರು ಹಾಕಿದೆ. ಐದು ಕಪ್ಪು, ಐದು ಬಸಿ. ಅವಳು ಬೂದಿ ಹಚ್ಚಿ ಕೊಡುವುದು, ನಾನು ನೀರು ಹಾಕುವುದು. ಮೂರನೆಯ ಬಸಿಗೆ ಅವಳು ಕೇಳಿದಳು.

“ನಾ ಹಂಗ ಮಾತಾಡ್ತೇನೇನು.”

ಅದು ಕೇಳುವ ಮಾತು. ಆದರೂ ಬಾಲ ಏಳಲಿಲ್ಲ. ನೆಲದ ಮೇಲೆ ಇಟ್ಟ ಹಾಗಿತ್ತು. ಅವಳಿಗೆ ತನ್ನ ದನಿ ಹೇಗಿದೆ ಎಂಬುದು ಅಂದಿನವರೆಗೆ ಗೊತ್ತಿರಲಿಲ್ಲ. ಯಾರಿಗೆ ಗೊತ್ತಿರುತ್ತದೆ. ಆಗ ಈಗಿನ ಹಾಗೆ ಫೋನಿನಲ್ಲಿ ತುಂಬಿಕೊಂಡು ಕೇಳುವುದು ಇರಲಿಲ್ಲ. ಇಲ್ಲ ಅನ್ನಬಹುದಿತ್ತು ನಾನು.

“ಹೂಂ,” ಅಂದೆ.

ಅವಳು ನಾಲ್ಕನೆಯ ಬಸಿ ಕೊಟ್ಟಳು.

ಅಕ್ಕ ಈಗಲೂ ಸಿಂದಗಿಯಲ್ಲಿ ಇದ್ದಾಳೆ. ಎಪ್ಪತ್ತು ವರ್ಷ. ಗಂಡ ಒಳ್ಳೆಯವನೇ ಇದ್ದ, ಹೋದ. ಮಕ್ಕಳು ಅಂಗಡಿ ನಡೆಸುತ್ತಾರೆ. ಆ ಮಷಿನ್ ಹೋಗಿ ಅದಕ್ಕಿಂತ ದೊಡ್ಡದು ಬಂದಿದೆ, ಅದು ತಿರುಗುತ್ತಿರುವಾಗ ಪಕ್ಕದಲ್ಲಿ ನಿಂತವರ ಮಾತೂ ಕೇಳುವುದಿಲ್ಲ. ಅಲ್ಲಿ ಕೆಲಸ ಮಾಡುವವರಿಗೆಲ್ಲ ಅವಳು ನಮ್ಮ ಮನೆಯ ಕೈಸನ್ನೆ ಕಲಿಸಿದ್ದಾಳೆ. ಎರಡು ಬೆರಳಿಗೆ ನೀರು ಬರುತ್ತದೆ. ಅವಳು ಅಂಗೈ ಒತ್ತಿದರೆ ಮಷಿನ್ ನಿಲ್ಲುತ್ತದೆ. ಮಷಿನ್ ನಿಂತ ಮೇಲೂ ಅವಳ ಮಾತು ಕಡಿಮೆ. ಇದ್ದಷ್ಟೂ ನೆಟ್ಟಗೆ, ಬಾಲವಿಲ್ಲದ್ದು. ಒಮ್ಮೆ ಆ ದಿನದ ಮಾತು ನಾನೇ ತೆಗೆದೆ. ನೆನಪಿಲ್ಲ ಅಂದಳು. ಸುಳ್ಳೋ ಖರೆಯೋ, ನಾನು ಕೆದಕಲಿಲ್ಲ. ಕಳೆದ ತಿಂಗಳು ನನ್ನ ಮೊಮ್ಮಗಳು, ಮುದ್ದೇಬಿಹಾಳದ ಕಾಲೇಜಿಗೆ ಹೋಗುವವಳು, ಅಡುಗೆಮನೆಯಲ್ಲಿ ಗೆಳತಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ಈಗಿನ ಹುಡುಗಿಯರದು ಬೇರೆ ರಾಗ, ಅರ್ಧ ಇಂಗ್ಲಿಷು, ಮೂಗಿನಿಂದ, ಎಲ್ಲದಕ್ಕೂ ‘ಓ ಗಾಡ್’. ನನ್ನ ಮಗ ಊಟಕ್ಕೆ ಕುಳಿತವನು ತನ್ನ ಸಣ್ಣ ಮಗಳಿಗೆ, ನಿಮ್ಮಕ್ಕ ಹೇಗೆ ಮಾತಾಡುತ್ತಾಳೆ ಮಾಡಿ ತೋರಿಸು ಅಂದ. ಸಣ್ಣದು ಎದ್ದು ನಿಂತು ಕುತ್ತಿಗೆ ಓರೆ ಮಾಡಿತು. ಚೆನ್ನಾಗಿಯೇ ಮಾಡಿತು. ನಾನೂ ನಕ್ಕೆ. ನಕ್ಕ ಮೇಲೆ ಅಂಗೈ ಕೆಳಮುಖ ಮಾಡಿ ನೆಲಕ್ಕೆ ಒತ್ತಿದೆ. ಈಗಿನ ಮನೆಯಲ್ಲಿ ಅದರ ಅರ್ಥ ಯಾರಿಗೂ ಗೊತ್ತಿಲ್ಲ. ಮಗ ನನಗೆ ನೀರು ಬೇಕೇನೋ ಎಂದು ತಂಬಿಗೆ ಸರಿಸಿದ. ನಾನು ಬ್ಯಾಡ, ಆಕಿ ಸೋಂಗ ಮಾಡ್ಸಬ್ಯಾಡ, ಅಂದೆ. ಆಗ ದೊಡ್ಡವಳು ಯಾಕಬೇ ಆಯಿ ಎಂದು ಕೇಳಿದಳು, ಆ ರಾಗದಲ್ಲಿಯೇ. ಅವಳಿಗಾಗಿ ಇದನ್ನು ಬರೆಯಲು ಕುಳಿತೆ.

ಸಿಂದಗಿಯವರು ಬಂದು ಹೋದ ಮರುದಿನ ಬೆಳಿಗ್ಗೆ ಅಕ್ಕ ಎಂದಿನಂತೆ ಕತ್ತಲಲ್ಲಿ ಎದ್ದು ಇಪ್ಪತ್ತು ರೊಟ್ಟಿ ಬಡಿದಳು. ಆಮೇಲೆ ಹೊರಗೆ ಹೋಗಲಿಲ್ಲ. ಬಸ್ಸಿನ ಹೊತ್ತಿಗೆ ಅವ್ವ ನನಗೆ, ಸ್ಟಾಪಿಗೆ ಹೋಗಿ ಕಸ್ತೂರಿಗೆ ಹೇಳಿ ಬಾ, ಅವಳ ಪುಸ್ತಕವನ್ನೂ ಕೊಟ್ಟು ಬಾ ಅಂದಳು. ಹೋದೆ. ಮೂವರೂ ಬೇವಿನ ಗಿಡದ ಕೆಳಗೆ ನಿಂತು ನಗುತ್ತಿದ್ದರು, ಚಾದಂಗಡಿಯವರು ಅವರನ್ನು ನೋಡಿ ನಗುತ್ತಿದ್ದರು. ನಾನು ಪುಸ್ತಕ ಕೊಟ್ಟು, ಅಕ್ಕ ಬರೂದಿಲ್ಲ, ಸಕ್ಕರಿ ತಿನಿಸ್ಯಾರ, ಅಂದೆ. ನಾನು ಬೇಕೆಂದು ಮಾಡಲಿಲ್ಲ, ನಾಲಗೆಗೆ ರೂಢಿಯಾಗಿತ್ತು, ಎರಡೂ ಮಾತಿನ ಬಾಲ ಎದ್ದವು. ಚಾದಂಗಡಿಯಲ್ಲಿ ಯಾರೋ ನಕ್ಕರು. ಕಸ್ತೂರಿ ನಗಲಿಲ್ಲ. ಯಾವಾಗ ಅಂದಳು, ನೆಟ್ಟಗೆ. ನಿನ್ನೆ ಅಂದೆ. ಬಸ್ಸು ಬಂತು, ಅವರು ಹತ್ತಿದರು. ನಾನು ಮನೆಗೆ ಬಂದೆ.

ಪಡಸಾಲೆಯಲ್ಲಿ ಅಪ್ಪ ಹೊಸ ಅಂಡಿಗೆ ಬಿಚ್ಚಿ ಹತ್ತಿ ಸುರುವಿದ್ದ, ಒಳ್ಳೆಯ ಹತ್ತಿ. ಅಕ್ಕನ ಮದುವೆಯ ಗಾದಿಗೆ. ನಮ್ಮ ಮನೆಯಲ್ಲಿ ಮದುವೆಯ ಗಾದಿಯ ಹತ್ತಿಗೆ ಮದುವೆ ಆಗುವವಳು ಕೈ ಹಚ್ಚುವಂತಿಲ್ಲ. ಅದಕ್ಕೇ ಅವಳು ಗೋಡೆಯ ಹತ್ತಿರ ಸುಮ್ಮನೆ ಕುಳಿತಿದ್ದಳು, ಕೆಲಸವಿರಲಿಲ್ಲ. ಆದರೂ ಹಳದಿ ಅರಿವೆಯನ್ನು ಬಾಯಿಗೆ ಕಟ್ಟಿಕೊಂಡಿದ್ದಳು. ಬಿಲ್ಲು ಇನ್ನೂ ಮೇಲೆಯೇ ಇತ್ತು. ಅಪ್ಪ ಅವಳ ಕಡೆ ನೋಡಲಿಲ್ಲ. ಹಗ್ಗ ಬಿಚ್ಚಿ ಬಿಲ್ಲನ್ನು ಹತ್ತಿಗೆ ಇಳಿಸಿದ. ಅವ್ವ ಕಣ್ಣಿನಿಂದಲೇ ನನಗೆ ಜಾಗ ತೋರಿಸಿದಳು. ನಾನು ಹಸಿರು ಅರಿವೆ ಕಟ್ಟಿಕೊಂಡು, ಅಕ್ಕ ಕೂಡುತ್ತಿದ್ದ ಕಡೆ ಕುಳಿತು, ಕಸ ಆರಿಸತೊಡಗಿದೆ.